ನಮ್ಮವರು ‘ಬಾ’ ಅಂದಾಗ

ನಮ್ಮ ಯಜಮಾನರು ಈ ಪರದೇಶದ ಒಂದು ದೊಡ್ಡ ಲಾಂಡ್ರಿಯಲ್ಲಿ ಬೆಡ್‌ಶೀಟು ಇಸ್ತ್ರಿ ಮಾಡುತ್ತಿದ್ದರು. ಕಾದ ಉರುಳೆಗೆ ಬಟ್ಟೆ ಕೊಡುವ ಕೆಲಸ. ಕೊಡುತ್ತಿರುವವನು ಕೈ ಬಿಡುವ ಹಾಗಿಲ್ಲ. ಇನ್ನೊಬ್ಬ ಬಂದು ಅಂಚು ಹಿಡಿದರೆ ಮಾತ್ರ ಉಚ್ಚೆಗೂ ಹೋಗಬಹುದು. ಯಾರ ಕೈಯಲ್ಲಿ ಬಟ್ಟೆ ಸುಡುತ್ತೋ ಅವನು ಮನೆಗೆ. ಅದಕ್ಕೇ ಇನ್ನೊಬ್ಬರ ಅಂಚು ಹಿಡಿಯಲು ಎಲ್ಲರಿಗೂ ಮೈಭಾರ.

ಅಲ್ಲಿ ಕನ್ನಡ ಇವರೊಬ್ಬರದೇ. ಬಾ ಅಂತ ಕರೆದರೆ ಚೀನಾದವನು ‘ಎಂಟಾ? ಏನು ಎಂಟು?’ ಅನ್ನುವನು. ಅವನ ಭಾಷೆಯಲ್ಲಿ ಬಾ ಅಂದರೆ ಎಂಟಂತೆ. ವಿಯೆಟ್ನಾಮಿನವನಿಗೆ ಮೂರು, ಅವನು ಮೂರು ಬೆರಳು ಎತ್ತುವನು. ಗುಜರಾತಿನವನು, ‘ಬಾ ಅಂದ್ರೆ ನಮ್ಮಮ್ಮ. ಊರಲ್ಲಿದ್ದಾಳೆ, ಕರೆಸಲಾ?’ ಅನ್ನುವನು. ಸಾಕಾಗುವಷ್ಟು ನಕ್ಕು ಆಮೇಲೆ ಯಾರಾದರೂ ಬರುವರು.

ಮನೆಗೆ ಬಂದು ಅದನ್ನೇ ಹೇಳಿ ನಗುತ್ತಿದ್ದರು.

“ನಿಮ್ಮನ್ನ ಕೋತಿ ಕುಣಿಸಿದ ಹಾಗೆ ಕುಣಿಸ್ತಾರಲ್ರೀ.”

“ಸುಮ್ನಿರೇ. ಒಂದೇ ಅಕ್ಷರ ನೋಡು, ಎಷ್ಟು ಮನೆ ಸಂಸಾರ ಮಾಡುತ್ತೆ!”

ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡಿತು. ಬಾ ಅಂದರು. ಬಾರೋ ಅಂದರು. ಮೂರು ಬೆರಳು ಎದ್ದವು. ಬೆವರು ಇಳಿಯುವುದು ಎಲ್ಲರಿಗೂ ಕಾಣುತ್ತಿತ್ತು. ಆದರೆ ಅವತ್ತು ಮೇಸ್ತ್ರಿ ಅಲ್ಲೇ ನಿಂತಿದ್ದ, ಯಾರೂ ಅಂಚು ಹಿಡಿಯಲಿಲ್ಲ. ಆಚೆ ತುದಿಯಲ್ಲಿ ಬಟ್ಟೆ ಮಡಚುವ ಹೆಂಗಸು ನನಗೆ ಹೇಳಿದಳು. ಬೆಡ್‌ಶೀಟು ಪೂರ್ತಿ ಆಚೆ ಹೋದ ಮೇಲೆ ಬಿದ್ದರಂತೆ. ಬಟ್ಟೆ ಸುಡಲಿಲ್ಲ.

ಮಾರನೇ ದಿನ ಹೆಣ ಹೊರಲು ಎಲ್ಲರೂ ನಮ್ಮ ಮನೆಗೇ ಬಂದರು.

“ಹುಡುಗರಿಗೆ ಭಾಷೆ ತಿಳೀಲಿಲ್ಲಮ್ಮಾ” ಅಂದ ಮೇಸ್ತ್ರಿ.

“ಇಷ್ಟು ವರ್ಷ ತಿಳೀದೇನೇ ನಕ್ಕಿದ್ರಾ?”

ಅವನು ಹೆಣ ಎತ್ತಲು ಬಗ್ಗಿದ.

“ಯಾರೂ ಮುಟ್ಟಬೇಡಿ” ಅಂದೆ.

ಮೈದುನ ನನ್ನನ್ನು ಪಕ್ಕಕ್ಕೆ ಎಳೆದ. “ಅತ್ತಿಗೆ, ಮೇಲಿನ ಮಹಡಿ ಇದು. ನಾನೊಬ್ಬನೇ ಹೇಗೆ ಇಳಿಸಲಿ?”

“ನೀನು ಕಾಲು ಹಿಡಿ. ತೋಳು ನಾನು ಹಿಡೀತೀನಿ.”

“ನಿಮ್ಮ ಕೈಲಾಗಲ್ಲ, ಹಟ ಬಿಡಿ. ಅಣ್ಣನಿಗೆ ಇವರೆಲ್ಲ ಬೇಕಾದವರು.”

“ಅವರಿಗೆ ಅಣ್ಣ ಬೇಕಾಗಿರಲಿಲ್ಲ. ಹಿಡಿ.”

ಮೆಟ್ಟಿಲು ಇಕ್ಕಟ್ಟು. ಅವರೆಲ್ಲ ಗೋಡೆಗೆ ಒತ್ತಿಕೊಂಡು ನಿಂತರು. ಗುಜರಾತಿನವನು ಅಳುತ್ತಾ ಕೈ ಚಾಚಿದ. “ಅಳೋದಾದ್ರೆ ಬೀದಿಗೆ ಹೋಗಿ ಅಳು, ದಾರಿ ಬಿಡು” ಅಂದೆ.

ತೋಳು ಜಾರುತ್ತಿತ್ತು. ತಲೆ ಮೆಟ್ಟಿಲಿಗೆ ಬಡಿಯಿತು. ಮುಂದಿನದಕ್ಕೂ ಬಡಿಯಿತು. ವಿಯೆಟ್ನಾಮಿನವನು ಮುಖ ಆಚೆ ತಿರುಗಿಸಿದ. ಮೈದುನ “ಬೇಗ ಇಳೀರಿ ಅತ್ತಿಗೆ” ಅಂದ.

ಸತ್ತವರಿಗೆ ನೋವಿಲ್ಲ. ನೋಡುವವರಿಗೆ ಆಗಲಿ ಅಂತ ನಾನು ಮೆಲ್ಲಗೇ ಇಳಿದೆ.