ತುಳಸಿರಾಮರ ದುರ್ಬೀನು

ಜಹೀರಾಬಾದಿನ ಚಷ್ಮಾ ಅಂಗಡಿಯ ತುಳಸಿರಾಮ ಬೆಳಿಗ್ಗೆ ಚಹಾ ಕುಡಿಯುವ ಮೊದಲು ಹಿಂದಿನ ದಿನದ ಪೇಪರು ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ಎಡಗಣ್ಣು ಮುಚ್ಚಿ ಟೆಂಡರ್ ಪ್ರಕಟಣೆಯ ಅತಿ ಸಣ್ಣ ಅಕ್ಷರದ ಒಂದು ಸಾಲು ಓದುತ್ತಾರೆ, ಬಲಗಣ್ಣು ಮುಚ್ಚಿ ಮುಂದಿನ ಸಾಲು. ಮಗಳ ಮದುವೆಯ ದಿನವೂ ಓದಿದರು, ತಾಯಿ ಮೈಸಮ್ಮ ತೀರಿಕೊಂಡ ಮರುದಿನವೂ ಓದಿದರು. ತನ್ನ ಕಣ್ಣು ಹೇಗಿದೆ ಎಂದು ಗೊತ್ತಿಲ್ಲದವನು ಇನ್ನೊಬ್ಬರ ಕಣ್ಣಿಗೆ ಗಾಜು ಕೂರಿಸಬಾರದು ಎಂದು ಕೆಲಸ ಕಲಿಸಿದ ಉಸ್ತಾದರು ಹೇಳಿದ್ದರಂತೆ.

ಶಾಲೆ ಎಂಟನೆಯ ತರಗತಿಗೇ ಮುಗಿದಿತ್ತು. ಗಾಜಿನ ಅಂಚು ತೇಯುವ ಚಕ್ರದ ಮುಂದೆ ನಲವತ್ತು ವರ್ಷ ಕೂತಿದ್ದಾರೆ. ವಾರಕ್ಕೊಂದು ದಿನ ಪೆಟ್ಟಿಗೆ ಹೊತ್ತು ನಾರಾಯಣಖೇಡಕ್ಕೆ ಹೋಗುತ್ತಾರೆ, ಇನ್ನೊಂದು ದಿನ ತಾಂಡೂರಿಗೆ. ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವವರ ಕಣ್ಣು ದೂಳಿಗೆ ಕೆಂಪಾಗಿರುತ್ತದೆ. ನಂಬರು ನೋಡುವ ಮೊದಲು ಅವರಿಗೆ ಕಣ್ಣು ತೊಳೆಯಲು ತಾವೇ ತಂಬಿಗೆಯಲ್ಲಿ ನೀರು ಕೊಡುತ್ತಾರೆ. ತುಳಸಿರಾಮ ಸಿಟ್ಟು ಮಾಡಿದ್ದನ್ನು ಹೋದ ವರ್ಷದ ವೈಶಾಖದವರೆಗೆ ನಾನಂತೂ ಕಂಡಿರಲಿಲ್ಲ.

ದುರ್ಬೀನು ಅವರೇ ಮಾಡಿದ್ದು. ಒಂದು ಮೀಟರ್ ಉದ್ದದ ಪ್ಲಾಸ್ಟಿಕ್ ಪೈಪು, ಮುಂದೆ ಒಂದು ನಂಬರಿನ ಚಷ್ಮಾ ಗಾಜು, ಹಿಂದೆ ಕೆಟ್ಟ ಕ್ಯಾಮೆರಾದಿಂದ ಬಿಚ್ಚಿದ ಸಣ್ಣ ಗಾಜು. ಬುದ್ಧ ಪೂರ್ಣಿಮೆಯ ಸಂಜೆ ಅದನ್ನು ಕೊಹೀರ್ ಹತ್ತಿರದ ನಮ್ಮ ಊರಿಗೆ, ತಾವು ಹುಟ್ಟಿದ ಊರಿಗೆ, ತಂದು ಶಾಲೆಯ ಅಂಗಳದಲ್ಲಿ ನಿಲ್ಲಿಸಿದರು. ಚಂದ್ರನನ್ನು ನೋಡಲು ದಲಿತರ ಕೇರಿಯವರೂ ಪಟೇಲರ ಓಣಿಯವರೂ ಒಂದೇ ಸಾಲಿನಲ್ಲಿ ನಿಂತೆವು. ನಮ್ಮ ಊರಲ್ಲಿ ಅದೇ ಮೊದಲು.

ಹೊತ್ತು ಮುಳುಗಿ ದೊಡ್ಡ ಚಂದ್ರ ಮೇಲೆ ಬಂದ. ಡೇರಿಗೆ ಹಾಲು ಹಾಕುವ ಮಾಣಿಕ ಕಣ್ಣಿಟ್ಟವನೇ ಕೂಗಿದ. “ಏ, ಏನೋ ಹೊಂಟದ! ಚಂದ್ರನ ಮ್ಯಾಲ ಕರ್ರಗ ಏನೋ ಹೊಂಟದ!”

ಒಬ್ಬೊಬ್ಬರಾಗಿ ನೋಡಿದೆವು. ಬೆಳ್ಳಗಿನ ಬಿಲ್ಲೆಯ ಮೇಲೆ ಕಪ್ಪು ಮಚ್ಚೆಯಂಥದ್ದು ಬಲಗಡೆಯಿಂದ ಬಂದು ಎಡಕ್ಕೆ ಸರಿದು ಮಾಯವಾಗುತ್ತಿತ್ತು. ಅಂಚಿಲ್ಲ, ರೆಕ್ಕೆ ಇಲ್ಲ. ಒಂದು ಹೋದ ಮೇಲೆ ಮತ್ತೊಂದು.

“ಬಾವಲಿ ಇರಬೇಕು ಬಿಡ್ರಿ. ಮುಂದ ನಡೀರಿ, ನನ್ನ ಬಸ್ಸು ತಪ್ಪತದ,” ಎಂದು ತುಳಸಿರಾಮ ಸಾಲನ್ನು ಮುಂದೆ ಕಳಿಸಿದರು. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಚಂದ್ರ ಹುಟ್ಟುವ ಕಡೆ ಮುಖ ಮಾಡಿ ನಿಂತರೆ ನಮ್ಮ ಶಾಲೆಯ ಬಲಕ್ಕೆ ಕೇರಿ. ಕೇರಿಯ ಮೊದಲ ಮನೆ ಭೀಮವ್ವನದು. ಎಡಕ್ಕೆ ಪಟೇಲ ಕಾಶಿನಾಥನ ದೊಡ್ಡ ಮನೆ. ಆ ವಾರ ಕಾಶಿನಾಥನ ಎಮ್ಮೆ ಹಾಲು ನಿಲ್ಲಿಸಿತ್ತು, ಸೊಸೆ ಸರಿತಾಳಿಗೆ ಜ್ವರ ಬಿಟ್ಟಿರಲಿಲ್ಲ. ಮರುದಿನ ಬೆಳಿಗ್ಗೆ ಮಠದ ಕಟ್ಟೆಯ ಮೇಲೆ ತೀರ್ಮಾನವೇ ಆಗಿಹೋಗಿತ್ತು. ಭೀಮವ್ವನ ಮನೆಯಿಂದ ಎದ್ದದ್ದು ಪಟೇಲರ ಮನೆಗೆ ಇಳಿದಿದೆ, ಅವಳು ಭಾನಾಮತಿ ಮಾಡಿದ್ದಾಳೆ, ದುರ್ಬೀನಿನಲ್ಲಿ ಊರೇ ನೋಡಿದೆ, ಇನ್ನೇನು ಸಾಕ್ಷಿ ಬೇಕು?

ಭೀಮವ್ವ ಎಪ್ಪತ್ತು ದಾಟಿದ ಸೂಲಗಿತ್ತಿ. ದವಾಖಾನೆಯ ಗಾಡಿ ಬರುವ ಮೊದಲು ಈ ಊರಿನ ಅರ್ಧ ಮಕ್ಕಳು ಅವಳ ಕೈಗೇ ಬಂದವರು. ನಾನೂ ಬಂದೆ, ಕಾಶಿನಾಥನ ಮಗನೂ ಬಂದ. ಹಲ್ಲು ಕಿತ್ತರೆ ಮಂತ್ರ ಬಾಯಲ್ಲಿ ನಿಲ್ಲುವುದಿಲ್ಲ ಎಂದು ನಮ್ಮ ಕಡೆ ಹಿಂದೆ ಇಂಥ ಹೆಂಗಸರ ಹಲ್ಲು ಕಿತ್ತದ್ದುಂಟು. ಆ ಮಾತು ಕಟ್ಟೆಯ ಮೇಲೆ ಮತ್ತೆ ಎದ್ದಿತು.

“ಹಲ್ಲರ ಕೀಳ್ರಿ, ಇಲ್ಲಂದ್ರ ಶುಕ್ರವಾರದೊಳಗ ಊರ ಬಿಡಸ್ರಿ,” ಎಂದ ಕಾಶಿನಾಥ. ಕೊರಳಲ್ಲಿ ಲಿಂಗ. ಬೆಳಿಗ್ಗೆ ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿ, ಹಣೆಯ ವಿಭೂತಿ ಆರುವ ಮೊದಲು ಆಡಿದ ಮಾತು. ಸುತ್ತ ಕೂತ ಪಟೇಲರ ಓಣಿಯ ನಮ್ಮವರು ಹೂಂ ಅಂದರು. ಕೇರಿಗೆ ನೀರು ಹೋಗುವ ನಳವನ್ನೂ ಅವತ್ತೇ ಬಂದ್ ಮಾಡಿಸಿದರು.

ನಾನು ತುಳಸಿರಾಮರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು, “ಯಾವ ಕಡಿಂದ ಬಂತು ಅಂತಾರ್ರಿ?” ಎಂದು ಕೇಳಿದರು.

“ಬಲಗಡಿಂದ.”

“ನಂದೇ ತಪ್ಪ ಅದು. ಅವತ್ತೇ ಹೇಳಬೇಕಿತ್ತು ನಾ. ಬಸ್ಸಿನ ಗಡಬಡದಾಗ ಬಿಟ್ಟೆ.”

ಗುರುವಾರ ತಾಂಡೂರಿಗೆ ಹೋಗಬೇಕಿದ್ದವರು ಪೈಪು ಹೊತ್ತು ನಮ್ಮ ಊರಲ್ಲಿ ಇಳಿದರು. ಬಿಸಿಲು ಇನ್ನೂ ಇತ್ತು. ಶಾಲೆಯ ಅಂಗಳದಲ್ಲಿ ಅದೇ ಜಾಗಕ್ಕೆ, ಅದೇ ದಿಕ್ಕಿಗೆ ದುರ್ಬೀನು ನಿಲ್ಲಿಸಿ ಕಟ್ಟೆಯವರನ್ನೆಲ್ಲ ಕರೆಸಿದರು.

“ಏನೋ ತುಳಸ್ಯಾ, ಹಗಲಾಗ ಚಂದ್ರನ ತೋರಸ್ತಿ ಏನು?” ಎಂದ ಕಾಶಿನಾಥ.

“ಮಾಣಿಕನ ತೋರಸ್ತೀನ್ರಿ ಪಟೇಲ್ರ. ಕಣ್ಣ ಇಡ್ರಿ.”

ಮಾಣಿಕನನ್ನು ಎದುರಿನ ಹೊಲಕ್ಕೆ ಕಳಿಸಿ ಅಡ್ಡಡ್ಡ ನಡೆಯಲು ಹೇಳಿದ್ದರು. ಕಾಶಿನಾಥ ಬಗ್ಗಿ ನೋಡಿ ಬೆಚ್ಚಿಬಿದ್ದ. “ಅಯ್ಯ ಶಿವನ! ತಲಿ ಕೆಳಗ ಮಾಡಿ ನಡದಾನಲ್ಲೋ ಇವ!”

ಸುತ್ತ ನಿಂತವರು ನಕ್ಕರು. “ಕುಡದಾನೇನು ನೋಡ್ರಿ,” ಎಂದರೊಬ್ಬರು. ತುಳಸಿರಾಮ ನಗಲಿಲ್ಲ.

“ಯಾವ ಕಡಿಂದ ಯಾವ ಕಡೀಗಿ ನಡದಾನ್ರಿ?”

“ಬಲಗಡಿಂದ ಎಡಕ್ಕ.”

“ಈಗ ಬರೇಗಣ್ಣಿಲೆ ನೋಡ್ರಿ.”

ಕಾಶಿನಾಥ ತಲೆ ಎತ್ತಿದ. ಮಾಣಿಕ ಎಡಗಡೆಯಿಂದ ಬಲಕ್ಕೆ ಹೋಗುತ್ತಿದ್ದ. ಕಾಶಿನಾಥ ಮತ್ತೆ ಬಗ್ಗಿದ, ಮತ್ತೆ ಎದ್ದ. ನಗು ನಿಂತಿತು.

“ಎರಡು ಗಾಜಿನ ದುರ್ಬೀನು ಹಂಗ. ಮ್ಯಾಲಿಂದು ಕೆಳಗ ತೋರಸ್ತದ, ಬಲಕಿಂದು ಎಡಕ್ಕ. ದೂರದ ಚಂದ್ರಗ ಹೊಂದಿಸಿದ್ದೆ, ಹತ್ತಿರ ಹಾರೋದು ಮಬ್ಬ ಕಂಡದ, ರೆಕ್ಕಿ ಕಂಡಿಲ್ಲ. ಅವು ಎಡಗಡಿಂದ ಎದ್ದು ಬಲಕ್ಕ ಹೋದ್ವು. ಎಡಕ್ಕ ಯಾರ ಮನಿ ಅದ? ಹೇಳ್ರಿ!”

ಎಡಕ್ಕೆ ಕಾಶಿನಾಥನ ಮನೆ, ಅದರ ಹಿತ್ತಲಲ್ಲಿ ಎರಡು ಹಳೆಯ ಹುಣಸೆಮರ.

“ಭೀಮವ್ವನ ಮನಿಂದ ಬಂದ್ರ ಭಾನಾಮತಿ ಅಂದ್ರಿ. ಪಟೇಲ್ರ ಮನಿಂದ ಬಂದದ, ಈಗೇನಂತೀರಿ? ಯಾರ ಹಲ್ಲ ಕೀಳ್ತೀರಿ? ಸೊಸಿಗಿ ಜ್ವರ ಬಂದ್ರ ದವಾಖಾನಿಗಿ ಒಯ್ಯಾಕ ಬರಂಗಿಲ್ಲೇನ್ರಿ? ಮುದುಕಿ ಬಾಯಿಗಿ ಕೈ ಹಾಕಾಕ ಬರ್ತದೇನು?” ಅಂಗಳದ ತುದಿಯವರೆಗೂ ಕೇಳುವ ದನಿ. ಇವರಿಗೆ ಅಂಥ ದನಿ ಇದೆಯೆಂದು ಊರಿಗೆ ಗೊತ್ತಿರಲಿಲ್ಲ.

ಹೊತ್ತು ಮುಳುಗುತ್ತಿತ್ತು. ಯಾರೂ ಅಲ್ಲಿಂದ ಕದಲಲಿಲ್ಲ. ಬೆಳಕು ಕಂದಿದಂತೆ ಹುಣಸೆಮರದಿಂದ ಒಂದು ಬಾವಲಿ ಎದ್ದಿತು, ಆಮೇಲೆ ಹತ್ತು, ಆಮೇಲೆ ಗುಂಪುಗುಂಪಾಗಿ ಕೇರಿಯ ಆಚೆಗಿನ ಮಾವಿನ ತೋಪಿನ ಕಡೆ ಹಾರಿದವು. ದಿನವೂ ಹಾರುವಂಥವೇ. “ಥೂ, ಇವೇನು!” ಎಂದ ಮಾಣಿಕ.

“ಆತು ಬಿಡಪ,” ಎಂದ ಕಾಶಿನಾಥ. “ತಿಳೀಲಾರದ ಆತು. ನಳ ಬಿಡಸ್ತೀನಿ. ಇಲ್ಲಿಗಿ ಮುಗೀತು.”

“ಮುಗೀಲಿಲ್ಲರಿ. ಮೂರು ದಿನದಿಂದ ಬಾಗಲ ಹಾಕೊಂಡು ಕುಂತಾಳ ಆಕಿ. ಆಕಿ ಬಾಗಲಿಗಿ ಹೋಗಿ ತಪ್ಪಾತು ಅನ್ರಿ.”

“ನಾ ಹೋಗಿ ಕೇರ್ಯಾಗ ನಿಂತ್ರ ಛಂದ ಕಾಣ್ತದೇನು? ಹೇಳಿ ಕಳಸ್ತೀನಿ ಬಿಡು.”

“ಹಲ್ಲ ಕೀಳ್ರಿ ಅನ್ನೋ ಮಾತ ಯಾರ ಕೈಲಿ ಹೇಳಿ ಕಳಿಸಿದ್ರಿ? ನಿಮ್ಮ ಬಾಯಿಲೇ ಅಂದ್ರಿ.”

ಕಾಶಿನಾಥ ಕೇಳದವನಂತೆ ಹೊರಟುಹೋದ. ನಾವು ಮೂವರು, ತುಳಸಿರಾಮ, ಮಾಣಿಕ ಮತ್ತು ನಾನು, ಭೀಮವ್ವನ ಮನೆಗೆ ಹೋದೆವು. ಮಾಣಿಕ ತಲೆ ತಗ್ಗಿಸಿ, “ಎವ್ವ, ನಾನೇ ಮೊದಲ ಒದರಿದಂವ,” ಎಂದ.

ಭೀಮವ್ವ ಅಗಳಿ ತೆಗೆದು ಎಲ್ಲವನ್ನೂ ಕೇಳಿದಳು. “ಬಾವಲಿ ಅಂತ ನಂಗ ಗೊತ್ತಿತ್ತಪ,” ಎಂದಳು. “ದಿನಾ ನನ್ನ ತಗಡಿನ ಮ್ಯಾಲ ಮಾವಿನಹಣ್ಣ ತಿಂದು ವಾಟಿ ಒಗೀತಾವ. ನಂಗ ಯಾರು ಕೇಳಿದ್ರು?”



ಕೇರಿಯಿಂದ ರಸ್ತೆಗೆ ಬರುವಷ್ಟರಲ್ಲಿ ಕಾಶಿನಾಥನ ಕಾರು ಅಲ್ಲಿ ನಿಂತಿತ್ತು. ಕಿಟಕಿ ಇಳಿಯಿತು. “ತುಳಸಿರಾಮಣ್ಣ, ಬಸ್ ಹೋಗ್ಯಾದ. ಕೂಡ್ರಿ, ಮನಿ ಬಾಗಲ ತನಕ ಬಿಡ್ತೀನಿ.” ತುಳಸ್ಯಾ ಎಂದ ಬಾಯಿ ಎರಡು ತಾಸಿನಲ್ಲಿ ಅಣ್ಣ ಎಂದಿತು.

“ಭೀಮವ್ವನ ಮನಿ ಮುಂದ ಒಂದ ನಿಮಿಷ ನಿಲ್ಲಸ್ತೀರೇನ್ರಿ ಕಾರು?” ಎಂದು ತುಳಸಿರಾಮ ಕೇಳಿದರು.

ಕಾಶಿನಾಥ ಸ್ಟೇರಿಂಗ್ ನೋಡುತ್ತ ಕೂತ.

“ಹಂಗಾರ ಬ್ಯಾಡ್ರಿ,” ಎಂದು ಅವರು ಪೈಪನ್ನು ಹೆಗಲಿಗೇರಿಸಿ ಹೈವೇ ಕಡೆ ನಡೆಯತೊಡಗಿದರು.