ಯಂತ್ರ ತೊಳೆದ ನೀರು

ಪುಟ್ಟಮ್ಮಕ್ಕ, ನಿಮ್ಮ ಹಾಲಿನಲ್ಲಿ ನೀರಿರಲಿಲ್ಲ. ಅದು ನನಗೆ ಗೊತ್ತಾಗಿ ವರ್ಷಗಳೇ ಆದವು — ಬಾಯಿ ಬಿಡಲಿಲ್ಲ.

ನಂಜನಗೂಡಿನಲ್ಲಿ ಕಂಪ್ಯೂಟರ್ ಕಲಿತು ಬಂದವನು ನಮ್ಮೂರ ಡೈರಿಗೆ ಪ್ರೋಗ್ರಾಮ್ ಬರೆದುಕೊಟ್ಟೆ. ಆಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಯಾರ ಹಾಲು ತೆಳು ಎಂದು ಕೇಳಿದರೆ ಸಾಕು, ಪರದೆಯ ಮೇಲೆ ಹೆಸರು ಬರುತ್ತಿತ್ತು. ಮೊದಲ ತಿಂಗಳು ಬಂದದ್ದು ನಿಮ್ಮ ಹೆಸರೊಂದೇ.

ಹಾಲು ತಂದು ಸಾಲಿನಲ್ಲಿ ನಿಂತವರೆಲ್ಲ ಕೇಳುವಂತೆ ಕಾರ್ಯದರ್ಶಿ ಗದರಿದರು: “ಕಂಪ್ಯೂಟರ್‌ಗೆ ನಿನ್ ಮ್ಯಾಲೆ ದ್ವೇಸವೇನಮ್ಮ?” ನೀವು ಅವರತ್ತ ನೋಡಲಿಲ್ಲ. ನನ್ನನ್ನು ಕೇಳಿದಿರಿ: “ನೀನೇ ಏಳಪ್ಪ, ನಾನು ಆಲಿಗೆ ನೀರು ಉಯ್ಯೋಳಾ?”

“ಕಂಪ್ಯೂಟರಲ್ಲಿ ಅಂಗೇ ಬಂದದೆ ಕಣಕ್ಕ,” ಅಂದೆ.

ಅಷ್ಟು ಸಾಕಾಯಿತು. ಮಾರನೆಯ ದಿನದಿಂದ ನಿಮ್ಮ ಹಾಲು ತೆಗೆದುಕೊಳ್ಳಲಿಲ್ಲ. ನೀವು ಹಸು ಮಾರಿ ನರಸೀಪುರದ ಮಗಳ ಮನೆ ಸೇರಿದಿರಿ.

ಮುಂದಿನ ತಿಂಗಳು ಪರದೆಯ ಮೇಲೆ ಬಂದದ್ದು ನಮ್ಮ ಅಮ್ಮನ ಹೆಸರು. ಅಮ್ಮ ನೀರು ಬೆರೆಸುವವಳಲ್ಲ — ಅದನ್ನು ನನಗೆ ಯಾವ ಯಂತ್ರವೂ ಹೇಳಬೇಕಾಗಿರಲಿಲ್ಲ. ಯಾರಿಗೂ ಹೇಳದೆ, ಬರೆದದ್ದನ್ನೆಲ್ಲ ಮತ್ತೆ ಮೊದಲಿಂದ ಓದುತ್ತ ಕೂತೆ. ತಪ್ಪು ಸಿಕ್ಕಿತು. ಬೆಳಿಗ್ಗೆ ಹಾಲು ಪರೀಕ್ಷಿಸುವ ಯಂತ್ರವನ್ನು ನೀರು ಹಾಯಿಸಿ ತೊಳೆಯುತ್ತಾರಲ್ಲ, ಆ ನೀರಿನ ಅಳತೆಯನ್ನೂ ನನ್ನ ಪ್ರೋಗ್ರಾಮ್ ಸಾಲಿನ ಮೊದಲಿಗರ ಹೆಸರಿಗೆ ಸೇರಿಸಿ ಸರಾಸರಿ ತೆಗೆಯುತ್ತಿತ್ತು. ದಿನವೂ ಎಲ್ಲರಿಗಿಂತ ಮುಂಚೆ ಬಂದು ನಿಲ್ಲುತ್ತಿದ್ದವರು ನೀವು. ನೀವು ಹೋದ ಮೇಲೆ ಆ ಜಾಗ ಅಮ್ಮನದಾಗಿತ್ತು.

ಸರಿಮಾಡಿದೆ. ಅಮ್ಮನ ಹೆಸರು ಪರದೆಯಿಂದ ಹೋಯಿತು. ನಿಮ್ಮ ಮಾತು — ಎತ್ತಲೇ ಇಲ್ಲ. ಎತ್ತಿದ್ದರೆ ನನ್ನ ಮರ್ಯಾದೆ ಹೋಗುತ್ತಿತ್ತು, ಅದು ನಿಜ. ಆದರೆ ಅದಕ್ಕಿಂತ ಹೆಚ್ಚು ಸುಡುವುದು ಇನ್ನೊಂದು: ಅಮ್ಮನ ಹೆಸರು ಬಂದಾಗ ಪ್ರೋಗ್ರಾಮನ್ನು ಅನುಮಾನಿಸಿದವನು, ನಿಮ್ಮ ಹೆಸರು ಬಂದಾಗ ನಿಮ್ಮನ್ನೇ ಅನುಮಾನಿಸಿದೆ.

ಹೋದ ವಾರ ಎಲ್ಲ ಹೇಳಿಬಿಡಬೇಕೆಂದೇ ನರಸೀಪುರಕ್ಕೆ ಬಂದಿದ್ದೆ. ನೀವು ಕಾಫಿ ತಂದುಕೊಟ್ಟಿರಿ. “ಕುಡಿ ಕಣಪ್ಪ, ಆಲಿಗೆ ನೀರು ಬೆರೆಸಿಲ್ಲ,” ಅಂದಿರಿ — ನಗುತ್ತಲೇ ಅಂದಿರಿ. ಕುಡಿದು, ಹೇಳದೆ ಎದ್ದು ಬಂದೆ.

ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ನಿಮ್ಮ ಮೇಲೆ ಮಾತು ಬಿದ್ದದ್ದು ಹಾಲಿನ ಸಾಲಿನ ಮುಂದೆ. ನಾಳೆ ಬೆಳಿಗ್ಗೆ ಅಲ್ಲೇ ನಿಂತು ಇದಿಷ್ಟನ್ನೂ ಹೇಳುತ್ತೇನೆ. ಅಮ್ಮನೂ ಸಾಲಿನಲ್ಲಿರುತ್ತಾಳೆ, ಅವಳೂ ಕೇಳಲಿ.