ಸರೋಜಕ್ಕನ ಎರಡು ದಿನದ ಮಂಗಳೂರು

ಸರೋಜಕ್ಕನ ಮಡಿಲಲ್ಲಿ ಯಾವಾಗಲೂ ಯಾರದೋ ತರಕಾರಿ ಇರುತ್ತಿತ್ತು. ಸಂಜೆ ದಾದರಿನಿಂದ ಭಾಂಡುಪ್ ಕಡೆ ಹೊರಡುವ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಹೆಂಗಸರು ಮಾರ್ಕೆಟಿನ ಚೀಲ ಬಿಚ್ಚಿ ಅಲ್ಲೇ ಸೊಪ್ಪು ಬಿಡಿಸುವುದು, ಅವರೆ ಸುಲಿಯುವುದು ಹೊಸತಲ್ಲ. ಆದರೆ ಎಲ್ಲರೂ ತಮ್ಮ ತಮ್ಮದು ಮಾಡಿಕೊಳ್ಳುತ್ತಾರೆ. ಸರೋಜಕ್ಕ ಮಾತ್ರ ಪಕ್ಕದವಳದ್ದು ಮುಗಿಸಿ ಎದುರಿನವಳದ್ದಕ್ಕೆ ಕೈ ಚಾಚುತ್ತಿದ್ದರು. ಒಮ್ಮೆ ಘಾಟ್ಕೋಪರ್‌ನಲ್ಲಿ ಇಳಿದ ಹುಡುಗಿಯೊಬ್ಬಳು ಅವಸರದಲ್ಲಿ ತನ್ನ ಮೆಂತ್ಯದ ಕಟ್ಟನ್ನು ಇವರ ಮಡಿಲಲ್ಲೇ ಬಿಟ್ಟು ಹೋಗಿಬಿಟ್ಟಳು. ಸರೋಜಕ್ಕ ಅದನ್ನು ಪೂರ್ತಿ ಬಿಡಿಸಿ, ಮರುದಿನ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಅವಳನ್ನು ಹುಡುಕಿ ಕೊಟ್ಟರು.

ಹಾಗೆಂದು ಅವರಿಗೆ ಮನೆಯಲ್ಲಿ ಕೆಲಸ ಕಡಿಮೆಯೇನಲ್ಲ. ವಿಲೆ ಪಾರ್ಲೆಯ ಕಾಲೇಜೊಂದರ ಕ್ಯಾಂಟೀನಿನಲ್ಲಿ ಇಡ್ಲಿ, ಚಟ್ನಿಯ ಜವಾಬ್ದಾರಿ ಅವರದು. ಐವತ್ತಾರರ ವಯಸ್ಸು, ಕುಳ್ಳು ಮೈ, ಎಷ್ಟು ತೊಳೆದರೂ ಬೆರಳುಗಳಿಗೆ ಹುಳಿ ಬಂದ ಹಿಟ್ಟಿನ ವಾಸನೆ. ನಾನು ಬಾಂದ್ರಾದಲ್ಲಿ ಆಫೀಸು ಗುಮಾಸ್ತೆ. ನಮ್ಮ ಜೊತೆಯ ಗಂಗವ್ವ ವಿಜಾಪುರದ ಕಡೆಯವಳು, ಅದೇ ಬಾಂದ್ರಾದಲ್ಲಿ ಹೌಸ್‌ಕೀಪಿಂಗ್. ಮೂವರೂ ಭಾಂಡುಪ್‌ನವರು, ಮೂವರೂ ದಾದರಿನಲ್ಲಿ ಸೇತುವೆ ಹತ್ತಿ ಲೈನು ಬದಲಿಸುವವರು. ಹನ್ನೊಂದು ವರ್ಷ ಹೀಗೆ ಹೋಗಿ ಬಂದೆವು.

ಮಂಗಳೂರಿನ ಮಾತು ತೆಗೆದದ್ದು ಸರೋಜಕ್ಕನೇ. ಮೂಲ್ಕಿಯ ಬಳಿ ಹುಟ್ಟಿದವರಾದರೂ ಅವರು ಮಂಗಳೂರು ನೋಡಿರಲಿಲ್ಲ. ಊರಿಗೆ ಹೋದದ್ದೆಲ್ಲ ಮದುವೆಗೆ, ಸತ್ತವರ ಬೊಜ್ಜಕ್ಕೆ, ಸೀಮಂತಕ್ಕೆ. ರೈಲು ಇಳಿದವರು ಚೀಲವನ್ನು ಜಗಲಿಯಲ್ಲಿಟ್ಟು ನೇರ ಅಡುಗೆಮನೆಗೆ ಹೋಗುವುದು, ವಾಪಸ್ ರೈಲಿನ ಹೊತ್ತಿಗೆ ಹೊರಗೆ ಬರುವುದು.

"ಊರಲ್ಲಿ ನಾನು ಬೊಂಬಾಯಿಯವಳು. ಬೊಂಬಾಯಿಯವಳು ಅಂದ್ರೆ ಗಟ್ಟಿ ಕೈ ಉಂಟು ಅಂತ ಲೆಕ್ಕ" ಎನ್ನುತ್ತಿದ್ದರು. "ಮಂಗಳೂರು ಅಂದ್ರೆ ನನಗೆ ಬಸ್‌ಸ್ಟ್ಯಾಂಡಿನ ಪಾಯಖಾನೆ ಒಂದೇ ಗೊತ್ತು ಮಾರಾಯ್ತಿ. ಒಮ್ಮೆ ಎರಡು ದಿನ ಲಾಡ್ಜ್ ಮಾಡ್ಬೇಕು. ಯಾರಿಗೂ ಹೇಳ್ಬಾರ್ದು. ಸಮುದ್ರದ ಎದುರು ಸುಮ್ಮನೆ ಕೂತ್ಕೊಳ್ಬೇಕು."

ಗಂಗವ್ವ ನಕ್ಕಳು. "ದಿನಾ ಮಾಹಿಮ್ ಖಾಡಿ ನೀರು ದಾಟ್ತೀವಲ್ರೀ ಅಕ್ಕಾರ, ಅದೇನು ಸಮುದ್ರ ಅಲ್ಲೇನು?"

"ಮೂಗು ಮುಚ್ಚಿಕೊಂಡು ನೋಡುವುದು ಸಮುದ್ರವಾ?"

ಸರೋಜಕ್ಕನ ಯೋಜನೆ ಸಣ್ಣದಾದರೂ ಅಚ್ಚುಕಟ್ಟಾಗಿತ್ತು. ಶುಕ್ರವಾರ ಮಧ್ಯಾಹ್ನ ಕುರ್ಲಾದಿಂದ ರೈಲು ಹಿಡಿದರೆ ಶನಿವಾರ ಬೆಳಿಗ್ಗೆ ಮಂಗಳೂರು. ಭಾನುವಾರ ಮಧ್ಯಾಹ್ನ ಅಲ್ಲಿಂದ ಹೊರಟರೆ ಸೋಮವಾರ ಬೆಳಿಗ್ಗೆ ಕುರ್ಲಾ, ಅಲ್ಲಿಂದಲೇ ಕೆಲಸಕ್ಕೆ. ಮೂವರಿಗೂ ರಜೆ ಹೊಂದಬೇಕು. ಗಂಗವ್ವನ ಮೊಮ್ಮಗಳ ಪರೀಕ್ಷೆ ಒಂದು ಸಲ, ನಮ್ಮ ಆಫೀಸಿನ ಆಡಿಟ್ ಇನ್ನೊಂದು ಸಲ, ಕ್ಯಾಂಟೀನಿನಲ್ಲಿ ಇನ್ನೊಬ್ಬಾಕೆ ಕೆಲಸ ಬಿಟ್ಟದ್ದು ಮತ್ತೊಂದು ಸಲ. ಹೀಗೆ ಎರಡು ವರ್ಷ ಹೋಯಿತು. ಕೊನೆಗೆ ಫೆಬ್ರವರಿಯ ಒಂದು ವಾರ ಹೊಂದಿತು. ಸರೋಜಕ್ಕನ ಮಗಳು ನಿಖಿತಾ ಮೊಬೈಲಿನಲ್ಲೇ ಹೋಗಿ ಬರುವ ಟಿಕೆಟ್ ತೆಗೆದಳು. ಉಳಿದದ್ದು ಲಾಡ್ಜ್. ಅದನ್ನು ತಾನೇ ಫೋನ್ ಮಾಡಿ ಹಿಡಿಯುತ್ತೇನೆ, ತುಳುವಿನಲ್ಲಿ ಮಾತಾಡಿದರೆ ಒಳ್ಳೆಯ ರೂಮು ಕೊಡುತ್ತಾರೆ ಎಂದರು ಸರೋಜಕ್ಕ.

ಎಡವಿದ್ದು ಅಲ್ಲೇ.

ಆ ಕಡೆಯ ಇಬ್ಬರು ಫೋನಿನಲ್ಲಿ ಮಾತಾಡಿದರೆ ಮೊದಲು ಮನೆ ಎಲ್ಲಿ, ಯಾರ ಮಗಳು ಎಂಬುದಾಗಬೇಕು. ಅದಾಗದೆ ಮಾತು ಮುಂದೆ ಹೋಗುವುದಿಲ್ಲ. ಲಾಡ್ಜಿನ ಮ್ಯಾನೇಜರು ರೂಢಿಯಂತೆ ಕೇಳಿದರು, ಇವರು ರೂಢಿಯಂತೆ ಹೇಳಿದರು. ಮನೆಯ ಹೆಸರು, ಅಣ್ಣನ ಹೆಸರು, ಅಣ್ಣನ ಹಟ್ಟಿಯ ಎದುರಿನ ಹುಣಿಸೆ ಮರದವರೆಗೆ ಎಲ್ಲವನ್ನೂ. ಮ್ಯಾನೇಜರ ಹೆಂಡತಿ ಅದೇ ಹುಣಿಸೆ ಮರದ ಆಚೆಯ ಮನೆಯವಳು. ಸಮುದ್ರ ಕಾಣುವ ರೂಮೇನೋ ಸಿಕ್ಕಿತು. ಮರುದಿನ ಬೆಳಿಗ್ಗೆ ಅಣ್ಣನ ಫೋನೂ ಬಂತು.

ಅಣ್ಣ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು ಎಂದರು ಸರೋಜಕ್ಕ. ನಾವೆಲ್ಲ ಬದುಕಿರುವಾಗ ಲಾಡ್ಜಾ ಎಂದು ಒಂದೇ ಮಾತು ಕೇಳಿದರಂತೆ. ಆಮೇಲೆ, ಕುಟುಂಬದ ನಾಗನಿಗೆ ವರ್ಷಕ್ಕೊಮ್ಮೆ ಕೊಡುವ ತಂಬಿಲ ಮೂರು ವರ್ಷದಿಂದ ಮುಂದಕ್ಕೆ ಹೋಗುತ್ತಿದೆ, ಹಿರಿ ಹೆಣ್ಣು ನೀನು, ನಿನಗೆ ರಜೆ ಇಲ್ಲ ಎಂದೇ ಇಟ್ಟುಕೊಂಡಿರಲಿಲ್ಲ, ಈಗ ಹೇಗೂ ಬರುತ್ತೀಯಲ್ಲ ಎಂದರಂತೆ. ಆ ಶನಿವಾರಕ್ಕೇ ಭಟ್ಟರಿಗೆ ಹೇಳಿ ಆಗಿತ್ತು. ಅರವತ್ತು ಮಂದಿಯ ಊಟ.

ಭಾಂಡುಪ್‌ನ ಅವರ ಮನೆಯಲ್ಲಿ ನಿಖಿತಾ ನನ್ನೆದುರೇ ಸಿಟ್ಟಾದಳು. "ಮಮ್ಮಿ, ನಹೀ ಬೋಲೋ ನಾ. ಒಂದೇ ವರ್ಡ್ ಇದೆ."

"ಆ ವರ್ಡ್ ನನಗೆ ಯಾರೂ ಕಲಿಸಲಿಲ್ಲ ಮಗಾ. ನೀನು ಕಲ್ತದ್ದು ಒಳ್ಳೇದಾಯ್ತು."

ನಮ್ಮ ಟಿಕೆಟ್ ರದ್ದು ಮಾಡಿಸೋಣ ಎಂದೆ. ಒಪ್ಪಲಿಲ್ಲ. ನೀವಿಬ್ಬರು ಹೋಗಲೇಬೇಕು, ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಹತ್ತು ಗಂಟೆಗೆ ನಾನು ಲಾಡ್ಜಿಗೆ ಬರುತ್ತೇನೆ, ರೈಲಿಗೆ ನಾಲ್ಕೂವರೆ ಗಂಟೆ ಉಳಿಯುತ್ತದೆ, ಎರಡು ಗಂಟೆ ಸಮುದ್ರಕ್ಕೆ ಸಾಕು ಎಂದರು. ಎರಡು ದಿನವೆಂದಿದ್ದ ಬಾಯಿಯಲ್ಲೇ ಎರಡು ಗಂಟೆ ಬಂದುದು ಅವರಿಗೆ ಗೊತ್ತಾಯಿತೋ ಇಲ್ಲವೋ.

ಶನಿವಾರ ಬೆಳಿಗ್ಗೆ ಮೂಲ್ಕಿಯಲ್ಲಿ ಅವರು ಇಳಿದರು. ರೈಲು ಹೊರಡುವ ಮೊದಲೇ ಯಾರದೋ ಕೈಯಿಂದ ತೆಂಗಿನಕಾಯಿ ಚೀಲ ಇಸಿದುಕೊಳ್ಳುತ್ತಿದ್ದುದು ಕಿಟಕಿಯಿಂದ ಕಂಡಿತು. ಗಂಗವ್ವ ಮುಖ ಆಚೆ ತಿರುಗಿಸಿದಳು. ನಾವು ಲಾಡ್ಜ್ ಸೇರಿದೆವು, ಸಂಜೆ ಸಮುದ್ರಕ್ಕೂ ಹೋದೆವು. ಮರಳು ಬೆಚ್ಚಗಿತ್ತು. ಯಾಕೋ ಹೆಚ್ಚು ಹೊತ್ತು ಕೂರಲಾಗಲಿಲ್ಲ.

ಭಾನುವಾರ ಹತ್ತಕ್ಕೆ ಸರಿಯಾಗಿ ಸರೋಜಕ್ಕ ಬಂದರು. ಒಳ್ಳೆಯ ಸೀರೆ, ಹಣೆಯಲ್ಲಿ ಅರಸಿನದ ಪ್ರಸಾದ, ಕಣ್ಣುಗಳು ಒಳಗೆ ಹೋಗಿದ್ದವು. ತಂಬಿಲ ಚೆನ್ನಾಗಿ ಆಯಿತಂತೆ, ಅಣ್ಣ ಬಸ್ಸಿನವರೆಗೂ ಬಂದರಂತೆ. ರಿಕ್ಷಾ ಕೆಳಗೆ ಕಾಯುತ್ತಿತ್ತು. "ಐದು ನಿಮಿಷ ಬೆನ್ನು ಚಾಚ್ತೇನೆ. ಮತ್ತೆ ಹೋಗುವಾ" ಎಂದು, ಚಪ್ಪಲಿ ಬಿಟ್ಟು ಹಾಸಿಗೆಯ ಅಂಚಿನಲ್ಲಿ ಹೇಗಿದ್ದರೋ ಹಾಗೇ ಒರಗಿದರು.

ಐದು ನಿಮಿಷವಾಯಿತು, ಕಾಲು ಗಂಟೆಯಾಯಿತು. ಅಷ್ಟು ವರ್ಷದ ಪರಿಚಯದಲ್ಲಿ ಅವರ ಅಂಗೈ ಬಿಚ್ಚಿ ಬಿದ್ದದ್ದನ್ನು ನಾನು ನೋಡಿದ್ದು ಅಂದೇ. ಕಾಯಿ ತುರಿದು ಬೆರಳ ಗಂಟುಗಳು ಕೆಂಪಾಗಿದ್ದವು. ನಾನು ಎಬ್ಬಿಸಲು ಹೋದೆ. ಸಮುದ್ರ ನೋಡಲೆಂದೇ ಬಂದವರು, ಮೂಲ್ಕಿಯಲ್ಲೇ ರೈಲು ಹತ್ತಬಹುದಾಗಿತ್ತು. ನಾಳೆ ನಮ್ಮನ್ನು ಬೈದರೆ?

ಗಂಗವ್ವ ನನ್ನ ಕೈ ಹಿಡಿದಳು. "ಬ್ಯಾಡ್ರೀ. ಸಮುದ್ರ ಎಲ್ಲೂ ಹೋಗೂದಿಲ್ಲ. ಇಂಥಾ ನಿದ್ದಿ ಮತ್ತ ಎಲ್ಲಿ ಸಿಗ್ತೈತಿ?"

ಅವರ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ಅಣ್ಣನ ಹೆಸರು. ಬಾಡಿಗೆ ಪಾತ್ರೆಯ ಮುಚ್ಚಳ ಎಲ್ಲಿಟ್ಟೆ ಎಂದು ಕೇಳಲು ಮಾಡಿದ್ದೆಂದು ಆಮೇಲೆ ತಿಳಿಯಿತು. ಇನ್ನೊಬ್ಬರ ಫೋನು ಮುಟ್ಟುವ ಅಭ್ಯಾಸ ನನಗಿಲ್ಲ, ಆದರೂ ತೆಗೆದು ಸದ್ದು ಅಡಗಿಸಿ ನನ್ನ ಚೀಲದೊಳಗೆ ಹಾಕಿದೆ. ಕೆಳಗೆ ಹೋಗಿ ರಿಕ್ಷಾದವನನ್ನು ಕಳಿಸಿ ಬಂದೆ. ಗಂಗವ್ವ ಹೊರಗೆ ಯಾರೂ ಬಾಗಿಲು ಬಡಿಯದಂತೆ ಕುರ್ಚಿ ಹಾಕಿಕೊಂಡು ಕೂತಳು. ಕಿಟಕಿಯಲ್ಲಿ ಸಮುದ್ರ ಕಾಣುತ್ತಿತ್ತು. ಬಿಸಿಲು ಮುಖಕ್ಕೆ ಬೀಳುತ್ತದೆಂದು ನಾನೇ ಪರದೆ ಎಳೆದೆ.

ಹನ್ನೆರಡೂವರೆಗೆ ಅವರಾಗಿಯೇ ಎದ್ದರು. ಗಡಿಯಾರ ನೋಡಿದರು, ನಮ್ಮಿಬ್ಬರನ್ನು ನೋಡಿದರು. ಯಾಕೆ ಎಬ್ಬಿಸಲಿಲ್ಲ ಎಂದು ಕೇಳಲಿಲ್ಲ. ಮುಖ ತೊಳೆದು ಬಂದು ಜಡೆ ಬಿಚ್ಚಿ ಮತ್ತೆ ಹೆಣೆದುಕೊಂಡರು. ರೈಲಿನಲ್ಲಿ ಕುಂದಾಪುರ ದಾಟುವವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದರು. ನಾನು ತಪ್ಪು ಮಾಡಿದೆನೆಂದೇ ಕೂತಿದ್ದೆ.

ಅದೇ ವರ್ಷ ಅವರ ಬಿಲ್ಡಿಂಗ್ ಒಡೆಯಲು ಬಂತು. ವಸಾಯಿಯಲ್ಲಿ ಬಾಡಿಗೆಗೆ ಹೋದರು. ಅಲ್ಲಿಂದ ಪಾರ್ಲೆಗೆ ನೇರ ಲೋಕಲ್ ಇದೆ, ದಾದರ್ ಬೇಕಿಲ್ಲ. ಸಂಜೆಯ ಡಬ್ಬಿಯಲ್ಲಿ ಈಗ ನಾನೂ ಗಂಗವ್ವನೂ ಇಬ್ಬರೇ, ಮಾತೂ ಕಡಿಮೆ.

ಹೋದ ದೀಪಾವಳಿಗೆ ಒಮ್ಮೆ ಅವರಲ್ಲಿಗೆ ಹೋಗಿದ್ದೆವು. ಆಮೇಲೆ ಇನ್ನೂ ಭೇಟಿಯಾಗಿಲ್ಲ. ಪಕ್ಕದ ಮನೆಯ ಕಾರವಾರದ ಹೆಂಗಸೊಬ್ಬರು ಬಂದು ಕೂತಿದ್ದರು, ಮಗನೊಂದಿಗೆ ಮಂಗಳೂರಿಗೆ ಹೋಗುವ ಆಲೋಚನೆ ಇತ್ತಂತೆ. ಊರು ಹೇಗಿದೆ, ನೀವು ನೋಡಿದ್ದೀರಲ್ಲ ಎಂದು ಕೇಳಿದರು. ನಾನು ನೆಲ ನೋಡಿದೆ.

"ಭಾರಿ ಒಳ್ಳೆಯ ಊರು" ಎಂದರು ಸರೋಜಕ್ಕ. "ನಾನು ಅಲ್ಲಿ ಹಗಲು ಹೊತ್ತಿಗೆ ಎರಡು ಗಂಟೆ ಮಲಗಿದ್ದೆ. ಯಾರೂ ಎಬ್ಬಿಸಲಿಲ್ಲ."